ಮೀನು ಹಾರಿದಾಗ ಬಗ್ಗುವುದು

ಲಿಂಗದ ಕರಡಿಗೆ ಬೆನ್ನ ಮೇಲೇ ಇದೆಯೋ, ಸರಿದು ಮುಂದಕ್ಕೆ ಬಂದಿದೆಯೋ ಎಂದು ಅಮರೇಶ ಅಂಗಿಯ ಮೇಲಿಂದಲೇ ತಡವಿ ನೋಡಿಕೊಂಡ. ಬೆನ್ನ ಮೇಲೇ ಇತ್ತು. ಸರಿ. ಶೆಡ್ಡಿನ ಬಾಗಿಲು ದಾಟುವ ಮೊದಲು ಶಿವದಾರವನ್ನು ಕತ್ತಿನ ಸುತ್ತ ಅರ್ಧ ತಿರುಗಿಸಿ, ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಹಿಂದಕ್ಕೆ ತಳ್ಳುವುದು, ಸಂಜೆ ಹೂಟಗಳ್ಳಿಯ ಬಸ್ ಸ್ಟಾಪಿನಲ್ಲಿ ಯಾರೂ ನೋಡದಾಗ ಅದನ್ನು ಮುಂದಕ್ಕೆ ಎಳೆದುಕೊಳ್ಳುವುದು ಅವನಿಗೆ ಚಪ್ಪಲಿ ಬಿಟ್ಟು ಮೆಟ್ಟುವಷ್ಟು ಅಭ್ಯಾಸವಾಗಿತ್ತು. ಎದೆಯ ಮೇಲಿದ್ದರೆ ಅದು ಅವನ ಕೈಗಳನ್ನೇ ನೋಡುತ್ತಿರುತ್ತದೆ. ಬೆನ್ನ ಮೇಲಿದ್ದರೆ ಹಿಂದಿನ ಗೋಡೆ ನೋಡಿಕೊಂಡಿರುತ್ತದೆ. ಆ ಗೋಡೆಯಲ್ಲಿ ಒಂದು ಹಳೇ ಕ್ಯಾಲೆಂಡರು, ಒಂದು ಹಲ್ಲಿ ಬಿಟ್ಟರೆ ಪಾಪ ಅನ್ನುವಂಥದ್ದು ಏನೂ ಇರಲಿಲ್ಲ. ಯಾರಿಗಾದರೂ ಹೇಳಿದರೆ ನಗುತ್ತಾರೆ ಎಂದು ಅವನಿಗೆ ಗೊತ್ತಿತ್ತು. ನಗಲಿ. ನಗುವವರ ಮೇಲೆ ಅವನಿಗೆ ಮೊದಲಿಂದಲೂ ಸಿಟ್ಟು. ನಗದೆ ಗಂಭೀರವಾಗಿ ತಲೆಯಾಡಿಸುವವರ ಮೇಲೆ ಇನ್ನೂ ಸಿಟ್ಟು.

ಅವನ ಮುಂದೆ ಮೇಜಿಗೆ ಕಚ್ಚಿಸಿದ ಸಣ್ಣ ವೈಸ್ ಇಕ್ಕಳದ ಬಾಯಲ್ಲಿ ಕಿರುಬೆರಳುದ್ದದ ಒಂದು ಗಾಳ ಇತ್ತು. ಅದರ ಬಾಲಕ್ಕೆ ಹುಂಜದ ಕುತ್ತಿಗೆಯ ಹಳದಿ ಗರಿಗಳನ್ನು ಜೋಡಿಸಿ, ಕತ್ತಿಗೆ ಕೆಂಪು ಗರಿ ಸುತ್ತಿ, ಕೆಂಪು ದಾರದಲ್ಲಿ ಬಿಗಿದು, ತಲೆಗೆ ವಾರ್ನಿಷ್ ಮುಟ್ಟಿಸಿದರೆ ಒಂದು ಪೀಸು ಆಯಿತು. ನೋಡಿದವರು ಹೂವೆನ್ನಬೇಕು, ನೀರಿನಲ್ಲಿ ಮೀನು ಅದನ್ನು ಸೀಗಡಿ ಎಂದುಕೊಳ್ಳಬೇಕು. ಮೀನಿನ ಹೆಸರು ಟಾರ್ಪನ್. ಅಮೆರಿಕದ ದಕ್ಷಿಣದ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಆಳೆತ್ತರದ ಟಾರ್ಪನ್‌ಗಳು ಮೊಣಕಾಲುದ್ದದ ನೀರಿಗೆ ಬರುತ್ತವಂತೆ. ದುಡ್ಡಿರುವವರು ಕೆಲಸಕ್ಕೆ ರಜೆ ಹಾಕಿ, ಈ ಗರಿಯ ಗಾಳವನ್ನು ದಾರದ ತುದಿಗೆ ಕಟ್ಟಿ, ದೋಣಿಯ ಮೂತಿಯಲ್ಲಿ ನಿಂತು ಬೀಸುತ್ತಾರಂತೆ. ಅವರ ಆ ಬೇಸಿಗೆಗಾಗಿ ಹೂಟಗಳ್ಳಿಯ ತಗಡಿನ ಶೆಡ್ಡಿನಲ್ಲಿ ಚಳಿಗಾಲದಿಂದಲೇ ಗಂಟು ಬೀಳುತ್ತಿದ್ದವು. ಫ್ಯಾನು ಹಾಕುವ ಹಾಗಿಲ್ಲ, ಗರಿ ಹಾರಿಹೋಗುತ್ತದೆ. ಬೆವರು ಒರೆಸಿಕೊಳ್ಳುವ ಹಾಗಿಲ್ಲ, ಬಣ್ಣ ಮುಖಕ್ಕೆ ಹತ್ತುತ್ತದೆ. ನಾಲ್ಕು ವರ್ಷದಲ್ಲಿ ಅಮರೇಶ ಸಾವಿರಾರು ಗಾಳ ಕಟ್ಟಿದ್ದ, ಆದರೆ ಮೀನು ಅನ್ನುವುದನ್ನು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ಓಡುವಾಗ ಬಿಟ್ಟರೆ ಸರಿಯಾಗಿ ನೋಡಿರಲಿಲ್ಲ. ನೋಡದೆಯೇ ಕೊಲ್ಲುತ್ತಿದ್ದೇನೆ ಎಂದು ರಾತ್ರಿ ಹಗಲು ಅಂದುಕೊಳ್ಳುತ್ತಿದ್ದ. ಅಂದುಕೊಂಡಾಗಲೆಲ್ಲ ಭಯದ ಜೊತೆಗೇ ಒಂದು ಥರದ ಹೆಮ್ಮೆಯೂ ಆಗುತ್ತಿತ್ತು. ಇಡೀ ಮನೆತನದಲ್ಲಿ ಮೊಟ್ಟೆ ಒಡೆದವರಿಲ್ಲ. ಅವನು ನೋಡು, ಏಳು ಸಮುದ್ರದಾಚೆಗೆ ಕೈ ಚಾಚಿ ಸಾಯಿಸುತ್ತಿದ್ದಾನೆ.

ಮನೆಯಲ್ಲಿ ಹೇಳಿದ್ದು ಬೇರೆ. "ಹೂವಿನ ಕೆಲಸ. ಅಮೆರಿಕದ ಹೆಂಗಸರು ಹ್ಯಾಟಿಗೆ ಸಿಕ್ಕಿಸ್ಕೊಳ್ತಾರಲ್ಲ, ಅಂಥ ಹೂವು. ಅದಕ್ಕೇ ಕೊಕ್ಕೆ" ಎಂದಿದ್ದ. ಅಪ್ಪ ಸಿದ್ದಮಲ್ಲಪ್ಪನಿಗೆ ಶಿವರಾಂಪೇಟೆಯಲ್ಲಿ ವಿಭೂತಿ, ಕರ್ಪೂರ, ಊದಿನಕಡ್ಡಿಯ ಅಂಗಡಿ. ನಿಜ ಗೊತ್ತಾದ ದಿನವೇ ಶೆಡ್ಡಿನ ಋಣ ಮುಗಿದಂತೆ. ಕಿವಿ ಹಿಡಿದು ಎಳೆದೊಯ್ದು ಅಂಗಡಿಯ ಮಣೆಯ ಮೇಲೆ ಕೂರಿಸುತ್ತಾನೆ. ಆ ಮಣೆ ನೆನಪಾದರೆ ಅಮರೇಶನಿಗೆ ಈಗಲೂ ತೊಡೆಯ ಕೆಳಗೆ ಉರಿಯುತ್ತದೆ. ಎಸ್ಸೆಲ್ಸಿಯಲ್ಲಿ ಗಣಿತ ಹೋದ ವರ್ಷ, ಬ್ಯಾಂಕಿನ ಮೇಡಂ ಒಬ್ಬರಿಗೆ ಕರ್ಪೂರದ ಪೊಟ್ಟಣ ಕಟ್ಟಿಕೊಟ್ಟಿದ್ದ. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ದಾರ ಜಾರಿ ಕರ್ಪೂರವೆಲ್ಲ ಚರಂಡಿಗೆ ಉರುಳಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಪೊಟ್ಟಣವನ್ನು ತಾನೇ ಕಟ್ಟುತ್ತಾ, "ಇವನಿಗೆ ಲೆಕ್ಕಾನೂ ಬರ್ಲಿಲ್ಲ, ಗಂಟೂ ಬರ್ಲಿಲ್ಲ ಮೇಡಮ್ಮೋರೆ" ಎಂದು ನಕ್ಕ. ಮೇಡಂ ಕೂಡ ನಕ್ಕರು, ಹಲ್ಲು ಕಾಣದ ಹಾಗೆ. ಆ ಕಾಣದ ಹಲ್ಲುಗಳನ್ನು ಅಮರೇಶ ಇನ್ನೂ ಎಣಿಸುತ್ತಿದ್ದ. ಶೆಡ್ಡಿಗೆ ಸೇರಿದ ಮೊದಲ ವಾರ ಮಾಲೀಕ ಗೋವಿಂದರಾಜು ಅವನು ಕಟ್ಟಿದ ಪೀಸನ್ನು ಬೆಳಕಿಗೆ ಹಿಡಿದು, ಗರಿ ಎಳೆದು ನೋಡಿ, "ಕೈ ಇದೆ ಕಣಯ್ಯಾ ನಿನಗೆ" ಎಂದಿದ್ದರು. ಅಷ್ಟೇ. ಹುಟ್ಟಿದಾಗಿನಿಂದ ತನಗೆ ಎರಡು ಕೈ ಇರುವುದನ್ನು ಯಾರಾದರೂ ಗಮನಿಸಿದ್ದು ಅದೇ ಮೊದಲು. ಆ ಒಂದು ಮಾತಿಗಾಗಿ ಅವನು ಮೀನಿನ ಕುಲವನ್ನೇ ನಾಶ ಮಾಡಲು ಸಿದ್ಧನಾಗಿದ್ದ.

"ಅಯ್ನೋರೇ, ಮೊಖ ಯಾಕಿಂಗೆ ಗಂಟಾಕೊಂಡಿದ್ದೀರಿ?" ಎಂದಳು ಪಕ್ಕದ ಮೇಜಿನ ಮಹದೇವಮ್ಮ. ಹೂಟಗಳ್ಳಿಯವಳೇ, ಗದ್ದೆಯೆಲ್ಲ ಕಾರ್ಖಾನೆ ಆದ ಮೇಲೆ ಗರಿ ಸುತ್ತಲು ಬಂದವಳು. "ಇವತ್ತು ನಿಮ್ಮನೇಗೆ ಮಠದ ಬುದ್ಯೋರು ಬತ್ತಾರೆ ಅಂತಿದ್ರಲ್ಲ, ಪಾದಪೂಜೆ ಅಂತ. ಕುಸೀಯಾಗಿರಿ."

"ನಿಮ್ಮ ಕೆಲಸ ನೋಡ್ಕೊಳಿ ಮಾದೇವಕ್ಕ."

"ನೋಡ್ಕತಾನೇ ಇವ್ನಿ. ಆದ್ರೂ ಒಂದ್ ಮಾತು. ಬುದ್ಯೋರ ಪಾದ ಮುಟ್ಟೋವಾಗ ಬೆರಳಿನ ಬಣ್ಣ ತೊಳ್ಕೊಂಡೋಗಿ. ಹುಂಜದ ಬಣ್ಣ ಅಂಟ್ಕಂಡು ಅವ್ರು ಬೆಳಗ್ಗೆ ಎದ್ದು ಕೂಗ್ಬುಟ್ಟಾರು."

ಶೆಡ್ಡೆಲ್ಲ ನಕ್ಕಿತು. ಅಮರೇಶ ದಾರವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದ, ಕಿತ್ತುಹೋಯಿತು. ನಾಲ್ಕು ವರ್ಷದಿಂದ ಅವನು ಯಾವ ಪಾದವನ್ನೂ ಮುಟ್ಟಿರಲಿಲ್ಲ. ಯುಗಾದಿಯ ಬೆಳಿಗ್ಗೆ ಅಪ್ಪ ಹೊಸ ಪಂಚೆಯುಟ್ಟು ಕಾಲು ಸ್ವಲ್ಪ ಮುಂದಕ್ಕಿಟ್ಟು ನಿಂತರೆ ಇವನು ಸೈಕಲ್ಲಿಗೆ ಗಾಳಿ ಹೊಡೆಯಲು ಹೋಗುತ್ತಿದ್ದ. ಅಪ್ಪ ಅದನ್ನು ಅಹಂಕಾರ ಎಂದುಕೊಂಡಿದ್ದ, ಇವನೂ ಅಹಂಕಾರವೆಂದೇ ತೋರಿಸಿಕೊಂಡಿದ್ದ. ನಿಜವಾಗಿ ಅದು ಕೈಯ ಭಯ. ಮನೆಗೆ ಹೋದೊಡನೆ ಮೂರು ಸಲ ಸೋಪು ಹಚ್ಚಿದರೂ ಉಗುರಿನ ಸಂದಿಯಲ್ಲಿ ಸತ್ತ ಮೀನುಗಳು ಉಳಿದಿರುತ್ತವೆ ಎಂಬ ಭಯ.

ಅಷ್ಟರಲ್ಲಿ ಗೋವಿಂದರಾಜು ತಮ್ಮ ಮನೆಯ ಟೀವಿ, ವಿ.ಸಿ.ಆರ್. ಎರಡನ್ನೂ ಆಟೋದಲ್ಲಿ ಹೊರಿಸಿಕೊಂಡು ಬಂದರು. ಅಮೆರಿಕದ ಗಿರಾಕಿ ಒಂದು ಕ್ಯಾಸೆಟ್ ಕಳಿಸಿದ್ದನಂತೆ, ಕಳೆದ ಬೇಸಿಗೆಯದು. "ಎಲ್ಲಾ ಕೆಲಸ ನಿಲ್ಸಿ. ನೀವು ಕಟ್ಟಿದ್ದು ಎಲ್ಲಿ ಹೋಗಿ ಏನ್ ಮಾಡುತ್ತೆ ಅಂತ ಕಣ್ತುಂಬ ನೋಡ್ಕೊಳಿ" ಎಂದರು. ಅಮರೇಶ ಮುಖ ತಿರುಗಿಸಿ ಕೂರಬೇಕೆಂದಿದ್ದ. ಆಮೇಲೆ ಕೊಲೆಗಾರನಾದವನು ಹೆಣ ನೋಡಲೇಬೇಕು ಅನ್ನಿಸಿ, ಎಲ್ಲರಿಗಿಂತ ಮುಂದೆ ಹೋಗಿ ಕೂತ. ಕರಡಿಗೆ ಇನ್ನೂ ಸ್ವಲ್ಪ ಕೆಳಗೆ ಸರಿಯಿತು.

ನೀರು ಇದೆ ಅನ್ನುವುದೇ ಮೊದಲು ಗೊತ್ತಾಗಲಿಲ್ಲ. ಅಷ್ಟು ತಿಳಿ. ಬಿಸಿಲು ನೀರನ್ನು ಹಾದು ತಳದ ಮರಳಿನ ಮೇಲೆ ಬಲೆಬಲೆಯಾಗಿ ಅಲುಗುತ್ತಿತ್ತು. ಒಬ್ಬ ದೋಣಿಯ ಹಿಂದೆ ಅಟ್ಟದ ಮೇಲೆ ನಿಂತು ಉದ್ದನೆ ಗಳುವಿನಲ್ಲಿ ಸದ್ದಿಲ್ಲದೆ ದೋಣಿ ತಳ್ಳುತ್ತಿದ್ದ. ಮುಂದೆ ಇನ್ನೊಬ್ಬ, ಚಡ್ಡಿ ಹಾಕಿದ, ಮೂಗಿಗೆ ಬಿಳಿ ಮುಲಾಮು ಬಳಿದುಕೊಂಡ ಹೊಟ್ಟೆಯ ಮನುಷ್ಯ, ಬರಿಗಾಲಲ್ಲಿ ಕಾಯುತ್ತಿದ್ದ. ಇಬ್ಬರೂ ಪೂಜೆಯ ಮನೆಯಲ್ಲಿ ಮಾತಾಡುವ ಹಾಗೆ ಪಿಸುಗುಟ್ಟುತ್ತಿದ್ದರು. ಆಮೇಲೆ ಹೊಟ್ಟೆಯವನು ಕೋಲು ಬೀಸಿದ. ದಾರ ಹಿಂದೆ ಹೋಗಿ, ಮುಂದೆ ಬಂದು, ಮತ್ತೆ ಹಿಂದೆ ಹೋಗಿ ಆಕಾಶದಲ್ಲಿ ಏನನ್ನೋ ಬರೆದು ಅಳಿಸಿತು, ತುದಿಯಲ್ಲಿದ್ದ ಹಳದಿ ಕೆಂಪು ಚುಕ್ಕೆ ನೀರಿಗೆ ಇಳಿಯಿತು. "ಅದು ನಮ್ದು!" ಎಂದು ಮಹದೇವಮ್ಮ ಕಿರುಚಿದಳು. ನೀರಿನಡಿಯಲ್ಲಿ ಕಂಬದಂಥ ಒಂದು ನೆರಳು ತಿರುಗಿತು. ಬಕೇಟಿನಂಥ ಬಾಯಿ ತೆರೆಯಿತು. ಮರುಕ್ಷಣ ಇಡೀ ಮೀನು ನೀರು ಬಿಟ್ಟು ಮೇಲಕ್ಕೆ ಹಾರಿತು. ಅದು ಮೀನಿನ ಹಾಗಿರಲಿಲ್ಲ. ಉತ್ಸವಮೂರ್ತಿಗೆ ಹಾಕುವ ಬೆಳ್ಳಿಯ ಕವಚ ತಾನೇ ಎದ್ದು ಕುಣಿದ ಹಾಗಿತ್ತು. ಅಮರೇಶನ ಬಾಯಿ ಅವನಿಗೆ ಗೊತ್ತಿಲ್ಲದೆ ತೆರೆದುಕೊಂಡಿತು. ಆಗ ಆ ಹೊಟ್ಟೆಯವನು ಒಂದು ವಿಚಿತ್ರ ಕೆಲಸ ಮಾಡಿದ. ಕೋಲು ಹಿಡಿದ ಎರಡೂ ಕೈಯನ್ನು ಮೀನಿನ ಕಡೆಗೆ ಚಾಚಿ, ಸೊಂಟದಿಂದ ಬಗ್ಗಿದ. ಮೀನು ಮತ್ತೆ ಹಾರಿತು, ಅವನು ಮತ್ತೆ ಬಗ್ಗಿದ.

"ನೋಡಿದ್ರಾ? ಮೀನು ಹಾರಿದಾಗ ಬಗ್ಗಬೇಕು" ಎಂದರು ಗೋವಿಂದರಾಜು, ತಾವೇ ಹಿಡಿದವರ ಹಾಗೆ. "ಬಗ್ಗಿದ್ರೆ ದಾರ ಸಡಿಲ ಆಗುತ್ತೆ. ಸೆಟೆದು ನಿಂತ್ರೆ ಬಿಗಿದು ಪಟ್ ಅಂತ ಕಿತ್ತೋಗುತ್ತೆ. ಅಲ್ಲಿ ಅದನ್ನ ರಾಜರಿಗೆ ತಲೆಬಾಗಿ ಮುಜುರೆ ಒಪ್ಸೋದು ಅಂತಾರಂತೆ."

"ಅವ್ರಿಗೂ ನಮ್ಮಂಗೆ ಅರಮನೆ ಅದಾ?" ಎಂದಳು ಮಹದೇವಮ್ಮ.

ಬಹಳ ಹೊತ್ತು ಎಳೆದಾಡಿ, ಬೆವರಿ, ಕೊನೆಗೆ ಹೊಟ್ಟೆಯವನು ಮೀನನ್ನು ದೋಣಿಯ ಪಕ್ಕಕ್ಕೆ ತಂದ. ದವಡೆ ಹಿಡಿದುಕೊಂಡ. ಅಮರೇಶ ಇನ್ನಷ್ಟು ಮುಂದಕ್ಕೆ ಸರಿದ. ಈಗ ಕತ್ತಿ ಬರುತ್ತದೆ. ಕತ್ತಿ ಬರಲಿಲ್ಲ. ಅವನು ಗಾಳ ಬಿಡಿಸಿದ, ಮೀನನ್ನು ನೀರಿನಲ್ಲೇ ಹಿಂದೆ ಮುಂದೆ, ಮಗುವಿಗೆ ತೊಟ್ಟಿಲು ತೂಗಿದಂತೆ ತೂಗಿದ, ಕೈಬಿಟ್ಟ. ಬೆಳ್ಳಿ ನೆರಳು ನಿಧಾನವಾಗಿ ಮರಳಿನ ಬಣ್ಣಕ್ಕೆ ತಿರುಗಿ ಇಲ್ಲವಾಯಿತು. ದೋಣಿಯಲ್ಲಿದ್ದವರು ಕೈ ಕೈ ಕುಲುಕಿದರು.

"ಯಾಕ್ ಬುಟ್ಟ? ಕೈ ಜಾರ್ತಾ?" ಎಂದಳು ಮಹದೇವಮ್ಮ.

"ಇಲ್ಲಮ್ಮ, ಬಿಟ್ಟಿದ್ದೇ. ಅದನ್ನ ಅವ್ರು ತಿನ್ನಲ್ಲ. ಬರೀ ಮುಳ್ಳಂತೆ. ಹಿಡೀತಾರೆ, ಫೋಟೋ ತೆಗೀತಾರೆ, ಬಿಟ್ಬಿಡ್ತಾರೆ."

ಮಹದೇವಮ್ಮ ಎದ್ದೇ ನಿಂತಳು. "ತಿನ್ನಾಕಿಲ್ವಾ? ಅಷ್ಟುದ್ದದ ಮೀನು, ನಮ್ ಬೀದಿಗೆಲ್ಲಾ ಸಾರಾಗದು! ಮತ್ತೆ ಆ ಮೂದೇವಿ ಅಷ್ಟೊತ್ತು ಬಿಸಿಲಲ್ಲಿ ಏನ್ ಮಾಡ್ತಿದ್ದ, ಕಸರತ್ತಾ? ಇದಕ್ಕಾ ನಾವು ಕಣ್ಣು ಕಳ್ಕಂಡು ಗರಿ ಸುತ್ತದು?"

ಅಮರೇಶ ಗೋವಿಂದರಾಜು ಕಡೆಗೆ ತಿರುಗಿದ. "ಸಾಯಲ್ವಾ ಸಾರ್ ಅದು?"

"ಯಾಕಪ್ಪಾ ಸಾಯುತ್ತೆ? ಆರಾಮಾಗಿರುತ್ತೆ. ನಿನಗೆ ಖುಷಿ ಆಗ್ಬೇಕಲ್ಲಯ್ಯಾ, ನೀವು ಲಿಂಗಾಯತರು."

ಖುಷಿ. ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಬಸ್ಸು ಹತ್ತಿ ಕಿಟಕಿಯ ಸರಳನ್ನು ಹಿಡಿದುಕೊಂಡಾಗ ಅವನಿಗೆ ಆ ಸರಳನ್ನು ಬಗ್ಗಿಸುವಷ್ಟು ಸಿಟ್ಟು ಬಂದಿತ್ತು. ಯಾರ ಮೇಲೆ ಅನ್ನುವುದೇ ತಿಳಿಯಲಿಲ್ಲ. ಆ ಹೊಟ್ಟೆಯವನ ಮೇಲೆ? ಬಿಟ್ಟುಬಿಡುವವನು ಹಿಡಿದದ್ದು ಯಾಕೆ? ಮೀನಿನ ಮೇಲೆ? ಬದುಕಿಕೊಂಡು ಆರಾಮಾಗಿರುವ ಅದು ಒಂದು ಮಾತು ಹೇಳಿಕಳಿಸಬಾರದಿತ್ತೇ? ನಾಲ್ಕು ವರ್ಷ ಸೋಪು ತಿಕ್ಕಿದ್ದು, ನಾಲ್ಕು ಯುಗಾದಿ ಸೈಕಲ್ಲಿಗೆ ಗಾಳಿ ಹೊಡೆದದ್ದು, ಲಿಂಗಕ್ಕೆ ಕ್ಯಾಲೆಂಡರು ತೋರಿಸಿದ್ದು ಎಲ್ಲಾ ಒಂದು ಸಾಯದ ಮೀನಿಗಾಗಿ. ತನ್ನದು ಅಂತ ಇದ್ದದ್ದು ಅದೊಂದೇ ಪಾಪ, ಅಪ್ಪನಿಗೆ ಗೊತ್ತಿಲ್ಲದ, ಅಪ್ಪನ ಅಂಗಡಿಗಿಂತ ದೊಡ್ಡ ಪಾಪ. ಅದನ್ನೂ ಅಮೆರಿಕದವರು ಎಕ್ಸ್‌ಪೋರ್ಟ್ ರಿಜೆಕ್ಟ್ ಮಾಡಿ ವಾಪಸ್ಸು ಕಳಿಸಿದ್ದರು. ಪಕ್ಕದಲ್ಲಿದ್ದವರು, "ಸ್ವಲ್ಪ ಸರ್ಕೊಳ್ತೀರಾ?" ಎಂದರು. "ಯಾಕ್ರೀ ಸರೀಬೇಕು?" ಎಂದು ಇವನು ಗದರಿದ ಮೇಲೆ ನೋಡಿದರೆ ಎರಡು ಸೀಟನ್ನೂ ಇವನೇ ಹಿಡಿದುಕೊಂಡಿದ್ದ. ಈ ಗಡಿಬಿಡಿಯಲ್ಲಿ ಹೂಟಗಳ್ಳಿಯ ಸ್ಟಾಪಿನಲ್ಲಿ ಕರಡಿಗೆಯನ್ನು ಮುಂದಕ್ಕೆ ಎಳೆದುಕೊಳ್ಳುವುದು ಮರೆತೇಹೋಗಿತ್ತು.

ಶ್ರೀರಾಂಪುರದ ಬಡಾವಣೆಯಲ್ಲಿ ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅಪ್ಪ ಸೈಟು ಕೊಂಡಾಗಲೇ ಮಾಡಿಕೊಂಡ ಹರಕೆ ಇದು, ಬುದ್ಧಿಯವರ ಪಾದ ಮನೆಗೆ ಬರಬೇಕು. ಅಮ್ಮ ಪ್ರೇಮಲೀಲಾ ಬಾಗಿಲಲ್ಲೇ ಕಾದಿದ್ದಳು, ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು. "ಬಂದ್ಯೇನೋ? ನೋಡು ಹೆಂಗಿದೆ! ಎಲ್ರೂ ಎಲ್ಲಿ ತಂದ್ರಿ ಅಂತ ಕೇಳ್ತಿದಾರೆ."

ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಒಂದೊಂದು ಎಲೆಗೂ ಒಂದೊಂದು ಹಳದಿ ಕೆಂಪು ಹೂವು ಸಿಕ್ಕಿಸಿತ್ತು. ಗಾಳಿಗೆ ಗರಿಗಳು ನವಿರಾಗಿ ಅಲುಗುತ್ತಿದ್ದವು. ಶೆಡ್ಡಿನಲ್ಲಿ ಸುಡಬೇಕಾದ ರಿಜೆಕ್ಟ್ ಪೀಸುಗಳು. ತನ್ನ ಕೈಯವು ಎಂದು ಸುಡಲಾರದೆ ಮನೆಗೆ ತಂದು ಟ್ರಂಕಿನ ತಳದಲ್ಲಿಟ್ಟಿದ್ದ.

"ಅಮ್ಮಾ. ಇದನ್ನ ಯಾಕ್ ತೆಗೆದೆ?"

"ಇಷ್ಟು ಚೆನ್ನಾಗಿರೋ ಹೂವ ಯಾರಾದ್ರೂ ಕಬ್ಬಿಣದ ಪೆಟ್ಟಿಗೇಲಿ ಬಚ್ಚಿಡ್ತಾರೇನೋ? ಕೊಕ್ಕೆ ಬೇರೆ ಇದೆ, ಎಲೆಗೆ ಸಿಕ್ಕಿಸೋಕೆ ಎಷ್ಟು ಅನುಕೂಲ ಗೊತ್ತಾ! ಒಂದ್ಸಲ ಚುಚ್ಚಿದ್ರೆ ಬಿಡೋದೇ ಇಲ್ಲ."

ಬಿಡುವುದಿಲ್ಲ ಎಂದು ಅವನಿಗೆ ಗೊತ್ತು. ಗಾಳಕ್ಕೆ ಹಿಮ್ಮುಳ್ಳು ಇರುವುದೇ ಅದಕ್ಕೆ. ಅವನು ಸ್ಟೂಲು ಎಳೆದುಕೊಂಡು ಹತ್ತಿದ. ಒಂದೊಂದೇ ಬಿಡಿಸಲು ಹೊತ್ತಿಲ್ಲ, ಇಡೀ ತೋರಣವನ್ನೇ ಇಳಿಸಿಬಿಡೋಣ ಎಂದು ಎಡಗಡೆಯ ಮೊಳೆಯ ಗಂಟನ್ನು ಅರ್ಧ ಸಡಿಲಿಸಿದ. ತೋರಣ ನಡುವೆ ಜೋತುಬಿತ್ತು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕಾರಿನ ಹಾರನ್ನು, ಅದರ ಹಿಂದೆ ವಾಲಗ. "ಅಲ್ಲೇನೋ ಮಾಡ್ತಿದೀಯಾ ಕೋತಿ ಥರ? ಬುದ್ಧಿಯೋರು ಬಂದ್ರು! ಇಳಿಯೋ!" ಎಂದು ಅಪ್ಪ ಹಲ್ಲು ಕಚ್ಚಿ ಹೇಳಿದ. ಇಳಿಯಲು ಜಾಗವಿರಲಿಲ್ಲ, ನೆಂಟರು ಆಗಲೇ ಎರಡೂ ಕಡೆ ಒತ್ತಿಕೊಂಡು ನಿಂತಿದ್ದರು. ಅಮರೇಶ ಸ್ಟೂಲಿನ ಮೇಲೇ ಗೋಡೆಗೆ ಅಂಟಿಕೊಂಡ.

ಬುದ್ಧಿಯವರು ತೆಳ್ಳಗಿನ ವಯಸ್ಸಾದ ಮನುಷ್ಯ, ದಪ್ಪ ಕನ್ನಡಕ. ಹೊಸ್ತಿಲಲ್ಲಿ ಪಾದ ತೊಳೆಸಿಕೊಂಡು, ಕಾವಿ ಶಾಲನ್ನು ಹೆಗಲಿಗೆ ಎಳೆದುಕೊಂಡು ಒಳಗೆ ಕಾಲಿಟ್ಟರು. ಅಪ್ಪ ಕೈ ಮುಗಿದುಕೊಂಡು ಅವರೆದುರಿಗೆ ಹಿಮ್ಮುಖವಾಗಿ ನಡೆಯುತ್ತಾ "ಬನ್ನಿ ಬುದ್ಧಿ, ಬನ್ನಿ ಬುದ್ಧಿ" ಎನ್ನುತ್ತಿದ್ದ. ಜೋತುಬಿದ್ದ ತೋರಣದ ನಟ್ಟನಡುವಿನ ಹಳದಿ ಹೂವು ಬುದ್ಧಿಯವರ ಹೆಗಲಿಗೆ ಮೆತ್ತಗೆ ಮುಟ್ಟಿತು. ಅವರು ಇನ್ನೊಂದು ಹೆಜ್ಜೆ ಇಟ್ಟರು. ಶಾಲು ಹಿಂದೆಯೇ ಉಳಿಯಿತು. ಯಾರೋ ಭಕ್ತರು ಹಿಡಿದುಕೊಂಡರೆಂದು ಅವರು ಶಾಲನ್ನು ಮೆಲ್ಲಗೆ ಎಳೆದರು. ದಾರ ಬಿಗಿಯಿತು, ಬಲಗಡೆಯ ಮೊಳೆ ಗೋಡೆಯಿಂದ ಅರ್ಧ ಹೊರಬಂತು, ಪಕ್ಕದ ಇನ್ನೊಂದು ಗಾಳ ತಿರುಗಿ ಅವರ ಬರಿಯ ಕತ್ತಿನ ಹತ್ತಿರಕ್ಕೆ ಬಂತು. ಇನ್ನು ಒಂದು ಎಳೆತ ಸಾಕು. ಅಮರೇಶನಿಗೆ ಬಾಗಿಲು ಕಾಣಲಿಲ್ಲ, ನೆಂಟರು ಕಾಣಲಿಲ್ಲ. ತಿಳಿನೀರು ಕಂಡಿತು, ಬೆಳ್ಳಿ ಕಂಡಿತು.

"ಬುದ್ಧೀ, ಎಳೀಬೇಡಿ! ಬಗ್ಗಿ! ಬಗ್ಗೀ ಅಂದೆ!"

ವಾಲಗ ನಿಂತಿತು. ಆ ಬೀದಿಯಲ್ಲಿ, ಬಹುಶಃ ಆ ಮಠದ ಚರಿತ್ರೆಯಲ್ಲೇ, ಬುದ್ಧಿಯವರಿಗೆ ಯಾರೂ ಬಗ್ಗಲು ಹೇಳಿರಲಿಲ್ಲ. ಆ ದನಿಯಲ್ಲಿ ಏನಿತ್ತೋ, ಅವರು ಬಗ್ಗಿದರು. ಸೊಂಟದಿಂದ, ನೇರವಾಗಿ, ಎದುರಿಗೆ ಕೈ ಮುಗಿದು ನಿಂತಿದ್ದ ಸಿದ್ದಮಲ್ಲಪ್ಪನ ಕಡೆಗೆ. ಬುದ್ಧಿಯವರು ತನಗೆ ಬಗ್ಗುತ್ತಿರುವುದನ್ನು ಕಂಡ ಸಿದ್ದಮಲ್ಲಪ್ಪ "ಅಯ್ಯೋ ಶಿವನೇ!" ಎಂದು ಕಡಿದ ಬಾಳೆಯ ಹಾಗೆ ನೆಲಕ್ಕೆ ಬಿದ್ದ. ಅವನು ಬಿದ್ದದ್ದು ಕಂಡು ಅಮ್ಮ ಬಿದ್ದಳು. ಅಮ್ಮನ ಹಿಂದೆ ಸಾಲುಸಾಲಾಗಿ ನೆಂಟರು ಅಡ್ಡಬಿದ್ದರು. ನಿಂತಿದ್ದವರೆಂದರೆ ಬಗ್ಗಿದ ಬುದ್ಧಿಯವರು, ಸ್ಟೂಲಿನ ಮೇಲಿಂದ ಅವರ ಬೆನ್ನ ಮೇಲೆ ಬಗ್ಗಿದ ಅಮರೇಶ, ಇಬ್ಬರೇ. ಅವನ ಬೆರಳುಗಳು ಆಗಲೇ ಕೆಲಸಕ್ಕೆ ತೊಡಗಿದ್ದವು.

"ಏನಪ್ಪಾ ಅದು?" ಎಂದರು ಬುದ್ಧಿಯವರು, ನೆಲ ನೋಡುತ್ತಲೇ.

ಹೂವು ಎನ್ನಬೇಕು. ನಾಲ್ಕು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇರುವ ಮಾತು. ಆದರೆ ಕೈಯಲ್ಲಿದ್ದದ್ದು ಅವನೇ ಕಟ್ಟಿದ ಪೀಸು, ಅಷ್ಟು ಎಳೆದಾಡಿದರೂ ಒಂದು ಗರಿ ಜಾರಿರಲಿಲ್ಲ. ಇದನ್ನು ಯಾವನು ರಿಜೆಕ್ಟ್ ಮಾಡಿದ? ಆ ಸಿಟ್ಟಿನಲ್ಲಿ ಬಾಯಿ ತೆರೆಯಿತು.

"ಗಾಳ ಬುದ್ಧಿ. ಮೀನು ಹಿಡಿಯೋದು. ನಾನೇ ಕಟ್ಟಿದ್ದು."

ನೆಲದ ಮೇಲೆ ಅಪ್ಪನ ಬೆನ್ನು ಉಸಿರಾಡುವುದನ್ನು ನಿಲ್ಲಿಸಿತು.

"ಹಿಡಿದು?"

"ಬಿಟ್ಬಿಡ್ತಾರೆ."

"ಬಿಡೋದಾದ್ರೆ ಹಿಡಿಯೋದು ಯಾಕೆ?"

"ನಂಗೂ ಇವತ್ತೇ ಗೊತ್ತಾಗಿದ್ದು ಬುದ್ಧಿ. ನಂಗೂ ಅದೇ ಸಿಟ್ಟು."

ಬುದ್ಧಿಯವರು ಸ್ವಲ್ಪ ಹೊತ್ತು ಯೋಚಿಸಿದರು, ಅಥವಾ ಸೊಂಟ ನೋಯುತ್ತಿತ್ತೇನೋ. "ಸರಿ. ಈಗ ನಮ್ಮನ್ನ ಬಿಡ್ತೀಯಾ?"

"ಬಿಟ್ಟೆ ಬುದ್ಧಿ."

ಅವರು ನೆಟ್ಟಗಾಗಿ, ಹೆಗಲು ಕೊಡವಿ, ಅಡ್ಡಬಿದ್ದವರನ್ನು ದಾಟಿಕೊಂಡು ಒಳಗೆ ಹೋದರು. ಹಿಂತಿರುಗಿ ನೋಡಲಿಲ್ಲ.

ಪಾದಪೂಜೆ ನಡೆಯಿತು. ಮಂತ್ರ ತಪ್ಪಲಿಲ್ಲ, ಮಂಗಳಾರತಿಯಾಯಿತು, ಪಾಯಸ ಸೀದಿರಲಿಲ್ಲ. ಅಷ್ಟು ಹೊತ್ತೂ ಅಪ್ಪ ಅವನ ಕಡೆ ನೋಡಲಿಲ್ಲ. ಅಮ್ಮ ಮಾತ್ರ ಹಾದುಹೋಗುವಾಗ ಅವನ ಬೆನ್ನು ತಟ್ಟಿ, ಅಲ್ಲಿ ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿ, "ಇದ್ಯಾಕೋ ಇಲ್ಲಿದೆ?" ಎಂದು ಕಣ್ಣರಳಿಸಿದಳು. ಅವನು ಜಗಲಿಗೆ ಹೋಗಿ ನಿಂತು ಮಾತು ಜೋಡಿಸಿಕೊಂಡ. ಹೌದು, ಗಾಳ ಕಟ್ತೀನಿ. ಏನೀಗ? ನಿನ್ನ ಅಂಗಡಿಗೆ ಬರಲ್ಲ. ಮನೆ ಬಿಟ್ಟು ಹೋಗು ಅಂದ್ರೆ ಹೋಗ್ತೀನಿ. ಬ್ಯಾಂಕಿನ ಮೇಡಂ ಮುಂದೆ ನಕ್ಕೆಯಲ್ಲ, ನೆನಪಿದೆಯಾ? ಮಾತುಗಳು ಚೆನ್ನಾಗಿ ಬಿಗಿದುಕೊಂಡವು. ಅಪ್ಪ ಎಳೆಯುವುದೊಂದೇ ಬಾಕಿ.

ಕಾರು ಹೋದ ಮೇಲೆ ಅಪ್ಪ ಬಂದ. ಬಾಗಿಲ ಬಳಿ ಬಿದ್ದಿದ್ದ ಹಳದಿ ಗಾಳವನ್ನು ಪಂಚೆಯ ಅಂಚಿನಲ್ಲಿ ಹಿಡಿದು ಎತ್ತಿಕೊಂಡ. ಕನ್ನಡಕವನ್ನು ಹಣೆಗೇರಿಸಿ ಕಣ್ಣಿನ ಹತ್ತಿರ ತಂದ. ಆಮೇಲೆ ಪಂಚೆ ಬಿಟ್ಟು ಬರಿಗೈಯಲ್ಲೇ ಹಿಡಿದು ಕೆಂಪು ದಾರದ ಕತ್ತನ್ನು ಉಗುರಿನಿಂದ ಕೆರೆದ, ಗರಿ ಎಳೆದ, ಇನ್ನೊಮ್ಮೆ ಎಳೆದ. ಪೊಟ್ಟಣ ಕಟ್ಟಿಯೇ ಬದುಕಿದ ಬೆರಳುಗಳು ಅವು.

"ಈ ಗಂಟು ನೀನೇ ಹಾಕಿದ್ದಾ?"

"ಹೂಂ."

"ಥೂ. ನಮ್ಮಂಗಡೀಲಿ ಒಂದು ಕರ್ಪೂರದ ಪೊಟ್ಟಣಕ್ಕೆ ನೆಟ್ಟಗೆ ಹಾಕಕ್ಕೆ ಬರ್ತಿರ್ಲಿಲ್ವಲ್ಲೋ ನಿಂಗೆ."

ಅಮರೇಶ ಕಾದ. ಅಪ್ಪ ಗಾಳವನ್ನು ತಿರುಗಿಸುತ್ತಲೇ ಇದ್ದ. "ನಾಳೆಯಿಂದ ಬಂದ ತಕ್ಷಣ ಹೊರಗಡೆ ನಲ್ಲೀಲಿ ಕೈ ತೊಳ್ಕೊಂಡು ಒಳಗೆ ಬಾ. ಹುಂಜದ ಗರಿ ಅಲ್ವಾ ಅದು. ನಿಮ್ಮಮ್ಮನಿಗೆ ಹೇಳಬೇಡ, ಬಾಗಿಲು ತೊಳೆದು ತೊಳೆದು ಸಾಯ್ತಾಳೆ."

ಅಷ್ಟೇ. ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಎಳೆಯುವವರಿಲ್ಲದೆ ಬಾಯಲ್ಲೇ ಜೋತುಬಿದ್ದವು. ಇದೇನು ಅನ್ಯಾಯ? ಮೀನೂ ಸಾಯಲಿಲ್ಲ, ಅಪ್ಪನೂ ಬೈಯಲಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಲೇಬೇಕಿತ್ತು. ಕಾಲ ಬಳಿ ಚೆಲ್ಲಿದ್ದ ಮಾವಿನ ಎಲೆಗಳು ಕಂಡವು. ಅವನ್ನಾದರೂ ಎತ್ತಿ ಬೀದಿಗೆ ಎಸೆಯೋಣವೆಂದು ಬಗ್ಗಿದ. ಬಗ್ಗಿದಾಗ ಕರಡಿಗೆ ಬೆನ್ನಿನಿಂದ ಜಾರಿ ಮುಂದಕ್ಕೆ ಬಂದು ಗಲ್ಲದ ಕೆಳಗೆ ತೂಗಾಡಿತು. ಎದುರಿಗೆ ಅಪ್ಪನ ಕಾಲುಗಳು ಒಂದಕ್ಕೊಂದು ಕೂಡಿಕೊಂಡು, ಸ್ವಲ್ಪ ಮುಂದಕ್ಕೆ ಬಂದವು, ಯುಗಾದಿಯಲ್ಲಿ ಬರುವ ಹಾಗೆ. ತಲೆಯ ಮೇಲೆ ಒಂದು ಒರಟು ಕೈ ಇಳಿಯಿತು. "ಇರಲಿ ಬಿಡು, ಇರಲಿ ಬಿಡು" ಎಂದ ಅಪ್ಪ.

ನಾನು ಎಲೆ ಎತ್ತೋಕೆ ಬಗ್ಗಿದ್ದು ಎಂದು ಹೇಳಬೇಕೆಂದು ಅಮರೇಶನ ನಾಲಿಗೆ ತುರಿಸಿತು. ಆದರೆ ಈಗ ಸೆಟೆದು ನಿಂತರೆ ದಾರ ಕಿತ್ತೇಹೋಗುತ್ತದೆ. ಸೊಂಟ ನೋಯತೊಡಗಿದರೂ, ಅಪ್ಪನ ಕೈ ತಾನಾಗಿ ಬಿಡುವ ತನಕ ಅವನು ಬಗ್ಗಿಯೇ ಇದ್ದ.